ಒಂದು ಹನಿ ರಕ್ತ, ಸಕ್ಕರೆಯ ಲೆಕ್ಕ

ಪ್ರಶ್ನೆ: ಗ್ಲುಕೋಮೀಟರಿನ ಪಟ್ಟಿಗೆ ಒಂದು ಹನಿ ರಕ್ತ ತಾಗಿಸಿದರೆ ಸಾಕು, ಸಕ್ಕರೆಯ ಪ್ರಮಾಣ ಪರದೆಯ ಮೇಲೆ ಬರುತ್ತದೆ. ರಕ್ತದಲ್ಲಿ ಏನೇನೋ ಇರುವಾಗ ಸಕ್ಕರೆಯನ್ನಷ್ಟೇ ಅದು ಹೇಗೆ ಅಳೆಯುತ್ತದೆ?

ಉತ್ತರ: ಗುಟ್ಟು ಇರುವುದು ಆ ಪಟ್ಟಿಯಲ್ಲಿ. ಅದರ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಅಥವಾ ಗ್ಲೂಕೋಸ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು ಲೇಪಿಸಿ ಒಣಗಿಸಿರುತ್ತಾರೆ. ಪಟ್ಟಿ ರಕ್ತವನ್ನು ಹೀರಿಕೊಂಡ ಕೂಡಲೇ ಕಿಣ್ವ ನೆನೆದು ಕೆಲಸಕ್ಕೆ ತೊಡಗುತ್ತದೆ. ಪ್ರೋಟೀನು, ಕೊಬ್ಬು, ಉಪ್ಪುಗಳ ಗೊಡವೆಗೆ ಹೋಗದೆ ಗ್ಲೂಕೋಸನ್ನೇ ಹಿಡಿದು, ಅದರ ಪ್ರತಿ ಅಣುವಿನಿಂದ 2 ಎಲೆಕ್ಟ್ರಾನ್‌ಗಳನ್ನು ಕಿತ್ತುಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಇನ್ನೊಂದು ರಾಸಾಯನಿಕ ಅವನ್ನು ವಿದ್ಯುದ್ವಾರಕ್ಕೆ ಸಾಗಿಸುತ್ತದೆ. ಅಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಎಲ್ಲರಿಗೂ ಒಂದೇ ದರದ ಟಿಕೆಟ್ ಇರುವ ಬಸ್ಸಿನಲ್ಲಿ ಕಂಡಕ್ಟರ್ ಚೀಲದ ಹಣ ಎಣಿಸಿಯೇ ಎಷ್ಟು ಜನ ಹತ್ತಿದರೆಂದು ಹೇಳಬಹುದಲ್ಲ, ಹಾಗೆಯೇ ಮೀಟರು ಪ್ರವಾಹವನ್ನು ಅಳೆದು ಗ್ಲೂಕೋಸಿನ ಲೆಕ್ಕ ಹೇಳುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಪ್ರವಾಹ ಹೆಚ್ಚು. ಹಲವು ಮೀಟರುಗಳಿಗೆ ಇದಕ್ಕೆ 5 ಸೆಕೆಂಡು ಸಾಕು.

ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಈ ಉಪಾಯವನ್ನು 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಮುಂದಿಟ್ಟರು. ಇಂಥ ಸಾಧನಗಳನ್ನು ಬಯೋಸೆನ್ಸರ್‌ಗಳು ಎನ್ನುತ್ತಾರೆ.

ಇದು ರಕ್ತದ ಸಕ್ಕರೆ, ಇದು ಬೆರಳಿಗಂಟಿದ ಹಣ್ಣಿನ ಸಕ್ಕರೆ ಎಂಬ ಭೇದ ಕಿಣ್ವಕ್ಕೆ ತಿಳಿಯದು. ಗಾಳಿಯ ತೇವ ತಾಗಿದರೆ ಪಟ್ಟಿ ಕೆಡುತ್ತದೆ. ಆದ್ದರಿಂದ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡೇ ಬೆರಳು ಚುಚ್ಚಿ. ಪಟ್ಟಿ ತೆಗೆದ ಕೂಡಲೇ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿಡಿ.