ಕಾಫಿಯಲ್ಲೂ ಇದೆ ಮೆಂತ್ಯದ ಸತ್ವ

ವಾರಾಣಸಿ: ಕಂಟೋನ್ಮೆಂಟ್ ಸ್ಟೇಷನ್ನಿನ ಸುತ್ತಮುತ್ತ ಬೆಳಗಾದರೆ ಕುಲ್ಹಡ್ ಚಹಾದ್ದೇ ಕಾರುಬಾರು. ಆದರೂ ಇಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿನಿಂದ ತಂದ ಕಾಫಿಪುಡಿಯೇ ಬೇಕು. ಆ ಪುಡಿಯಲ್ಲಿ ಕೆಫೀನ್ ಅಲ್ಲದೆ ಟ್ರೈಗೊನೆಲಿನ್ ಎಂಬ ಇನ್ನೊಂದು ಸಸ್ಯಜನ್ಯ ವಸ್ತುವೂ ಇದೆ. ಅದಕ್ಕೆ ಆ ಹೆಸರು ಬಂದದ್ದು ಮೆಂತ್ಯದಿಂದ. 1885ರಲ್ಲಿ ಮೊದಲು ಬೇರ್ಪಡಿಸಿದ್ದೂ ಮೆಂತ್ಯದ ಕಾಳಿನಿಂದಲೇ.

ವಯಸ್ಸಾದಂತೆ ತೊಡೆ, ತೋಳುಗಳ ಮಾಂಸಖಂಡ ಕರಗುತ್ತದೆ. ಘಾಟಿನ ಮೆಟ್ಟಿಲು ಹತ್ತುವಾಗ ಅದು ಚೆನ್ನಾಗಿ ಗೊತ್ತಾಗುತ್ತದೆ! ಈ ತೊಂದರೆಯಿರುವ ಹಿರಿಯರ ರಕ್ತದಲ್ಲಿ ಟ್ರೈಗೊನೆಲಿನ್ ಕಡಿಮೆ ಇರುತ್ತದೆಂದು ನೆಸ್ಲೆ ಮತ್ತು ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದರು. (ನೆಸ್ಲೆ ಕಾಫಿ ಮಾರುವ ಕಂಪನಿ ಎಂಬುದೂ ನೆನಪಿರಲಿ.) ಮುದಿ ಇಲಿಗಳಿಗೆ ಇದನ್ನು ಕೊಟ್ಟಾಗ ಸ್ನಾಯುಗಳ ಬಲ ಹೆಚ್ಚಿತು. ಜೀವಕೋಶಗಳ ಶಕ್ತಿ ಉತ್ಪಾದನೆಗೆ ಬೇಕಾದ ಎನ್‌ಎಡಿ ಎಂಬ ವಸ್ತು ತಯಾರಾಗಲು ಇದು ನೆರವಾಗುತ್ತದೆ.

ಆದರೆ ಇಲಿಗೆ ಆದ ಲಾಭ ಮನುಷ್ಯನಿಗೂ ಆಗುತ್ತದೆಂದು ಇನ್ನೂ ಸಾಬೀತಾಗಿಲ್ಲ. ಈ ಸುದ್ದಿ ಕೇಳಿ ದಿನಕ್ಕೆರಡು ಲೋಟ ಹೆಚ್ಚಿಸಿದರೆ ಕೆಫೀನಿನಿಂದ ನಿದ್ದೆ ಕೆಟ್ಟೀತು, ಎದೆ ಹೊಡೆದುಕೊಂಡೀತು. ಬೀಜವನ್ನು ಕಪ್ಪಾಗಿ ಹುರಿದಷ್ಟೂ ಟ್ರೈಗೊನೆಲಿನ್ ನಾಶವಾಗುತ್ತದೆ. ಒಂದು ಪಾಲು ಮಾತ್ರ ನಿಯಾಸಿನ್ ಎಂಬ ಬಿ ಜೀವಸತ್ವವಾಗಿ ಉಳಿಯುತ್ತದೆ. ಚಿಕೋರಿ ಹೆಚ್ಚು ಬೆರೆಸಿದ ಪುಡಿಯಲ್ಲಂತೂ ಕಾಫಿಯ ಪಾಲೇ ಕಡಿಮೆ.

ಕಾಫಿ ಒಗ್ಗದವರಿಗೆ ದೋಸೆ ಹಿಟ್ಟಿನ ಮೆಂತ್ಯ ಇದ್ದೇ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಮಾತ್ರ ಮೆಂತ್ಯವನ್ನು ಹೆಚ್ಚಾಗಿ ಸೇವಿಸುವ ಮೊದಲು ವೈದ್ಯರನ್ನು ಕೇಳಬೇಕು. ಎರಡೂ ಸೇರಿ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ.