ಆಂಡರ್ಸನ್‌ಪೇಟೆಯ ಆಂಡರ್ಸನ್

ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಕೋಲಾರದ ಚಿನ್ನದ ಗಣಿಗಳ ಕಡೆಗೆ ಹೊರಟಾಗಲೆಲ್ಲ ನನಗೊಂದು ಕುತೂಹಲ. ಆ ಊರಿಗೆ ಹಿಂದೆ ಬೌರಿಂಗ್‌ಪೇಟೆ ಎಂದು ಹೆಸರು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗರ ನೆನಪನ್ನು ಅದು ಕಳಚಿಹಾಕಿತು. ಗಣಿಯೂರಿನ ಆಂಡರ್ಸನ್‌ಪೇಟೆ ಮಾತ್ರ ಆಂಡರ್ಸನ್‌ಪೇಟೆಯಾಗಿಯೇ ಉಳಿದಿದೆ.

ಕೇಳುಗರೇ, ಆಂಡರ್ಸನ್ ಎಂದರೆ ‘ಆಂಡ್ರೂವಿನ ಮಗ’. ನಮ್ಮ ದಾಶರಥಿ, ದ್ರೌಣಿಗಳಂತೆ ತಂದೆಯಿಂದ ಬಂದ ಹೆಸರು. ಆಂಡ್ರೂವಿನ ಮೂಲ ಗ್ರೀಕಿನ ಆಂಡ್ರಿಯಾಸ್. ಕ್ರಿಸ್ತನ ಈ ಶಿಷ್ಯನನ್ನು ಕನ್ನಡ ಬೈಬಲ್ ಅಂದ್ರೆಯ ಎನ್ನುತ್ತದೆ. ಅದರೊಳಗಿನ ಗ್ರೀಕ್ ಧಾತುವಿಗೆ ‘ಗಂಡಸು’ ಎಂದರ್ಥ. ಸಂಸ್ಕೃತದ ‘ನೃ’, ‘ನರ’ಗಳು ಅದರ ದಾಯಾದಿಗಳು. ಕನ್ನಡ ಮೇಷ್ಟರಾದ ನನಗೆ ಇದಕ್ಕಿಂತ ಸಂತೋಷವೇನು?

ಸಂತ ಆಂಡ್ರೂ ಸ್ಕಾಟ್ಲೆಂಡಿನ ಪಾಲಕನಾದ್ದರಿಂದ ಹೆಸರು ಅಲ್ಲಿಯೂ ಇಂಗ್ಲೆಂಡಿನ ಉತ್ತರಭಾಗದಲ್ಲಿಯೂ ಹಬ್ಬಿತು. ಸ್ವೀಡನ್ನಿನ ಹಳೆಯ ರೂಢಿಯೇ ಬೇರೆ: ಆಂಡರ್ಸ್ ಎಂಬವನ ಮಗ ಆಂಡರ್ಸನ್, ಮಗಳು ಆಂಡರ್ಸ್‌ದೋಟರ್, ಮೊಮ್ಮಗನಿಗೆ ಮತ್ತೊಂದು ಹೆಸರು. ಅಲ್ಲಿಂದ ಅಮೆರಿಕಕ್ಕೆ ವಲಸೆಹೋದ ಅನೇಕರು ತಮ್ಮ ಹೆಸರಿನ ಜೋಡಿ ‘ಎಸ್’ಗಳಲ್ಲಿ ಒಂದನ್ನು ಬಿಟ್ಟು ಸ್ಕಾಟರ ಆಂಡರ್ಸನ್ನರೊಡನೆ ಬೆರೆತುಹೋದರು. ಹೆಸರೊಂದೇ ಆದರೆ ಮನೆತನವೂ ಒಂದೇ ಎಂದು ನಂಬುವವರು ಎಡವುವುದು ಇಲ್ಲಿಯೇ.

1880ರಲ್ಲಿ ಜಾನ್ ಟೇಲರ್ ಕಂಪೆನಿ ಗಣಿಗೆ ಕಾಲಿಟ್ಟಿತು. ಕಾರ್ನ್‌ವಾಲಿನ ಗಣಿಗಾರರು ಬಂದರು. ಅವರಲ್ಲಿ ‘ಟ್ರೆ’ ಎಂದು ಮೊದಲಾಗುವ ಹೆಸರುಗಳು ಹೆಚ್ಚು. ಅದಕ್ಕೆ ಹಳ್ಳಿ, ನೆಲೆ ಎಂದರ್ಥ. ಆಳಕ್ಕಿಳಿದು ಬಂಡೆಯೊಡೆದ ತಮಿಳು, ತೆಲುಗು ಕೂಲಿಗಳು ಇನ್ನೂ ಹೆಚ್ಚು. ತಮಿಳರಲ್ಲಿ ತಂದೆಯ ಹೆಸರು ಮಗನ ಹೆಸರಿನ ಮುಂದೆ ಒಂದಕ್ಷರವಾಗಿ ನಿಲ್ಲುತ್ತದೆ, ಮೊಮ್ಮಗನ ಹೊತ್ತಿಗೆ ಅದೂ ಬದಲಾಗುತ್ತದೆ. 2001ರಲ್ಲಿ ಗಣಿ ಮುಚ್ಚಿತು. ಆಂಡರ್ಸನ್ನನ ಹೆಸರು ಪೇಟೆಯಲ್ಲಿದೆ. ಆ ಕೂಲಿಗಳ ಅಜ್ಜಂದಿರ ಹೆಸರುಗಳನ್ನು ಮನೆಯ ಹಿರಿಯರನ್ನೇ ಕೇಳಿ ತಿಳಿಯಬೇಕು.