ತೊಟ್ಟಿಲ ಕೂಸಿಗೆ ಮನೆಯ ಹೊಲಿಗೆ

ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬಂದಳೆಂದರೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಟ್ರಂಕಿನ ಮುಚ್ಚಳ ತೆರೆಯುವುದು ವಾಡಿಕೆ. ಅಜ್ಜಿ ವರ್ಷಗಟ್ಟಲೆ ಉಟ್ಟು ಮೆತ್ತಗಾದ ಇಳಕಲ್ ಸೀರೆ, ಅಜ್ಜನ ಧೋತರ, ಯಾವುದೋ ಮದುವೆಯಲ್ಲಿ ಉಡಿಯಲ್ಲಿ ಬಂದು ಹೊಲಿಸದೆ ಉಳಿದ ಗುಳೇದಗುಡ್ಡದ ಖಣ, ಇವು ಒಂದೊಂದಾಗಿ ಹೊರಬರುತ್ತವೆ. ಕೂಸು ಹುಟ್ಟುವ ಮೊದಲು ಅದರ ಹೆಸರಿನಲ್ಲಿ ಸೂಜಿ ಹಿಡಿಯಬಾರದೆಂಬ ನಂಬಿಕೆಯ ಮನೆಗಳೂ ಉಂಟು. ಅಂಥವರು ಅರಿವೆಯನ್ನು ಆರಿಸಿ, ಒಗೆದು, ಮಡಚಿ ಇಡುವರು. ಕತ್ತರಿ ಹಾಕುವುದು ಮಾತ್ರ ಹುಟ್ಟಿದ ಮೇಲೆ.

ಕೂಸಿನ ಮೈಗೆ ಮೊದಲು ಹಳೆಯ ಅರಿವೆಯೇ ತಾಗಬೇಕೆಂಬ ಈ ಪದ್ಧತಿಯನ್ನು ಬಡತನದ ಗುರುತೆಂದು ಇಂದಿನ ಕೆಲವು ತರುಣ ದಂಪತಿಗಳು ತಿಳಿಯುತ್ತಾರೆ. ಅದು ಹಾಗಲ್ಲ. ಮಗ್ಗದಿಂದ ಬಂದ ಹೊಸ ಬಟ್ಟೆಯಲ್ಲಿ ಹಾಸುನೂಲಿಗೆ ಹಚ್ಚಿದ ಗಂಜಿಯ ಅಂಶವೂ ಬಣ್ಣದ ಅಂಶವೂ ಉಳಿದಿರುತ್ತವೆ. ನೂರು ಸಲ ಒಗೆತ ಕಂಡ ಹತ್ತಿಯ ಅರಿವೆಯಲ್ಲಿ ಅವು ಇಲ್ಲ. ಅದು ಬೆವರನ್ನು ಹೀರುತ್ತದೆ, ಗಾಳಿಯನ್ನು ಬಿಡುತ್ತದೆ, ಬಿಸಿಲಿಗೆ ಬೇಗ ಒಣಗುತ್ತದೆ. ಶ್ರೀಮಂತರ ಮನೆಯ ಕೂಸಿಗೂ ಅಜ್ಜಿಯ ಸೀರೆಯ ತುಂಡೇ ಮೊದಲ ಹಾಸಿಗೆಯಾಗುತ್ತಿದ್ದುದು ಇದೇ ಕಾರಣದಿಂದ.

ಈ ಟ್ರಂಕಿನ ಅರಿವೆಗಳಿಂದ ಹುಟ್ಟುವ ಉಡುಪುಗಳಲ್ಲಿ ಕುಂಚಿಗೆ, ಕುಲಾವಿ, ಅಂಗಿ ಈ ಮೂರು ಮುಖ್ಯವಾದವು. ಕುಲಾವಿ ಎಂದರೆ ತಲೆಗೆ ಮಾತ್ರ ಹಿಡಿಯುವ ಟೊಪ್ಪಿಗೆ. ಪಾರಸಿಯ ‘ಕುಲಾಹ್’ ಎಂಬ ಶಬ್ದ ನಮ್ಮ ತೊಟ್ಟಿಲಿನವರೆಗೆ ನಡೆದುಬಂದಿರುವುದು ಒಂದು ಸ್ವಾರಸ್ಯ. ಕುಂಚಿಗೆ ತಲೆಯನ್ನು ಮುಚ್ಚಿ ಬೆನ್ನ ಮೇಲೆ ಇಳಿಬಿದ್ದು ಕಾಲಿನವರೆಗೆ ಬರುವ ಹೊದಿಕೆ. ಗಡಿಯಾಚೆಯ ಮರಾಠಿ ತಾಯಂದಿರು ಅದನ್ನೇ ‘ಕುಂಚಿ’ ಎನ್ನುವರು. ಅಂಗಿ ಟೊಪ್ಪಿಗೆಗಳ ಜೋಡಿಗೆ ಅವರಲ್ಲಿ ‘ಅಂಗಡೆ-ಟೋಪಡೆ’ ಎಂಬ ಹೆಸರುಂಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಮನೆಗಳಲ್ಲಿ ಎರಡು ಭಾಷೆಯ ಸೊಸೆಯಂದಿರೂ ಇರುವುದರಿಂದ ಎರಡು ಹೆಸರುಗಳೂ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ನವಜಾತ ಶಿಶುವಿನ ತಲೆ ಅದರ ದೇಹದ ಅಳತೆಗೆ ಹೋಲಿಸಿದರೆ ಬಹು ದೊಡ್ಡದು. ಮೈಯ ಕಾವು ಅಲ್ಲಿಂದ ಬೇಗನೆ ಹೊರಟುಹೋಗುತ್ತದೆ. ಹುಟ್ಟಿದ ಕೂಡಲೇ ಒರೆಸಿ ತಲೆಗೆ ಟೊಪ್ಪಿಗೆ ಹಾಕಿರೆಂದು ಇಂದಿನ ವೈದ್ಯರು ಹೇಳುತ್ತಿರುವುದು ಕುಲಾವಿ ಹೊಲಿದ ಅಜ್ಜಿಯರಿಗೆ ಹೊಸ ಮಾತೇನಲ್ಲ.

ರಾಯಬಾಗ ತಾಲೂಕಿನ ದಿಗ್ಗೇವಾಡಿಯಲ್ಲಿ ಒಂದು ಮನೆಯ ತೊಟ್ಟಿಲ ಕಾರ್ಯಕ್ಕೆ ನಾವು ಹೋಗಿದ್ದೆವು. ಆ ಮನೆಯ ಹಿರಿಯ ತಾಯಿ ಎಪ್ಪತ್ತು ದಾಟಿದವರು. ತಮ್ಮ ಒಂಬತ್ತು ಮೊಮ್ಮಕ್ಕಳಿಗೂ ಕುಂಚಿಗೆ ಹೊಲಿದವರು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಬಾಕಿ ಇದೆ. ಸೂಜಿಯ ಕಣ್ಣು ಕಾಣದು. ಮೂರನೆಯ ಇಯತ್ತೆಯ ಮೊಮ್ಮಗ ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಹತ್ತು ಹನ್ನೆರಡು ಸೂಜಿಗಳಿಗೆ ದಾರ ಪೋಣಿಸಿ ಒಂದು ಅರಿವೆಯ ಉಂಡೆಗೆ ಚುಚ್ಚಿಟ್ಟು ಹೋಗುತ್ತಾನೆ. ಅವನು ಮರಳುವುದರೊಳಗೆ ಆ ದಾರವೆಲ್ಲ ಮುಗಿದಿರುತ್ತದೆ.

ತೊಟ್ಟಿಲ ಕೂಸಿಗೆ ತೊಡಿಸಿದ್ದು ಹೊಸ ಕುಂಚಿಗೆಯಲ್ಲ. ಆ ಕೂಸಿನ ತಂದೆಗೆ ಹೊಲಿದದ್ದೇ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ನದಿದಂಡೆಯ ಊರುಗಳ ಜನ ಮನೆ ಬಿಟ್ಟು ನಡೆದಾಗ, ಜೋಳದ ಹಿಟ್ಟು, ರೇಷನ್ ಕಾರ್ಡು, ಹೊಲದ ಉತಾರಗಳ ಗಂಟಿನಲ್ಲಿ ಅದೂ ಇದ್ದಿತಂತೆ. “ಅಂಗಡ್ಯಾಗಿನ ಅಂಗಿ ನೋಡಾಕ ಚಲೋ ಇರ್ತಾವ್ರಿ ಶಾಸ್ತ್ರಿಗಳ. ಖರೇ, ಕೂಸಿಗೆ ಅದರಾಗ ಬೆವರ ಬರತೈತ್ರಿ, ಕೊಳ್ಳಾಗ ಗುಳ್ಳಿ ಏಳತಾವ್ರಿ” ಎಂದರು ಆ ತಾಯಿ. ಒಳಗಿನಿಂದ ಸೊಸೆಯ ಮಾತು ಬಂದಿತು: “ಹೊಲ್ಯಾಕ ನಾ ಏನ್ ಒಲ್ಲೆ ಅಂತೀನ್ರಿ? ಮುಂಜೇಲಿ ಕಬ್ಬಿನಾಗ ಕಳೆ ತಗ್ಯಾಕ ಹ್ವಾದ್ರ ಸಂಜಿಗೇ ಮನಿ. ಬಂದ ಮ್ಯಾಲ ರೊಟ್ಟಿ ಬಡೀಬೇಕು. ಸೂಜಿ ಹಿಡ್ಯೂದ್ ಯಾವಾಗ್ರಿ?”

ಇಬ್ಬರ ಮಾತಿನಲ್ಲೂ ಸತ್ಯವಿದ್ದುದರಿಂದ ನಾವು ತೀರ್ಪು ಕೊಡುವ ಗೋಜಿಗೆ ಹೋಗಲಿಲ್ಲ. ಆದರೆ ಒಂದು ಸಂಗತಿ ನಮ್ಮನ್ನು ಚಿಂತೆಗೆ ಹಚ್ಚಿತು. ಆ ತಾಯಿಗೆ ಅಳತೆಯೆಲ್ಲ ಗೇಣು ಬೊಟ್ಟುಗಳಲ್ಲಿ ಗೊತ್ತು. ಕಾಗದದಲ್ಲಿ ಎಲ್ಲಿಯೂ ಇಲ್ಲ. ಕೈ ನಿಂತ ದಿನ ಅಳತೆಯೂ ಹೋಗುತ್ತದೆ. ಆದುದರಿಂದ ಆ ಕುಂಚಿಗೆಯನ್ನು ಚಾಪೆಯ ಮೇಲೆ ಹರಡಿ ಅಳತೆಪಟ್ಟಿ ಹಿಡಿದು ಬರೆದುಕೊಂಡೆವು. ಓದುಗರ ಮನೆಗಳಿಗೆ ಉಪಯೋಗವಾದೀತೆಂದು ಅದನ್ನಿಲ್ಲಿ ಕೊಡುತ್ತೇವೆ.

ಇಪ್ಪತ್ನಾಲ್ಕು ಇಂಚು ಉದ್ದ, ಹದಿನಾರು ಇಂಚು ಅಗಲದ ಒಂದು ಖಣದ ತುಂಡು. ಅಷ್ಟೇ ಅಳತೆಯ ಹಳೆಯ ಹತ್ತಿಯ ಅರಿವೆ ಒಳಪದರಕ್ಕೆ. ಇಳಕಲ್ ಸೀರೆಯಾದರೆ ಒಡಲಿನ ಹತ್ತಿಯ ಭಾಗ ಒಳಗಿರಲಿ, ಕೆಂಪು ಸೆರಗಿನ ಭಾಗ ಹೊರಗಿರಲಿ. ಸೆರಗಿನ ರೇಷಿಮೆ ಕಣ್ಣಿಗೆ ಚೆಂದವೇ ಹೊರತು ಕೂಸಿನ ಕೆನ್ನೆಗಲ್ಲ. ಎರಡೂ ಪದರಗಳನ್ನು ಕಚ್ಚಾ ಟಾಕಿಯಿಂದ ಕೂಡಿಸಿ, ಅಗಲವನ್ನು ನಡುವೆ ಮಡಚಬೇಕು. ಈಗ ಮೇಲಿನ ಅಂಚು ಎಂಟು ಇಂಚಿನದಾಗುತ್ತದೆ. ಆ ಅಂಚನ್ನು ಪೂರ್ತಿಯಾಗಿ ಹೊಲಿದರೆ ತಲೆಯ ಭಾಗ ಸಿದ್ಧ. ಮಡಿಕೆ ಹಿಂದಕ್ಕೆ, ತೆರೆದ ಬದಿ ಮುಖಕ್ಕೆ. ಮೇಲಿನಿಂದ ಎಂಟು ಇಂಚು ಕೆಳಗೆ, ಕತ್ತಿನ ಹಿಂಬದಿಯಲ್ಲಿ, ಸಣ್ಣ ನಿರಿಗೆ ಹಿಡಿದು ಗಟ್ಟಿಯಾಗಿ ಟಾಕಿ ಹಾಕಬೇಕು. ಅದರಿಂದ ಕೆಳಗೆ ಉಳಿಯುವ ಹದಿನಾರು ಇಂಚು ಬೆನ್ನು ಕಾಲುಗಳನ್ನು ಮುಚ್ಚುತ್ತದೆ. ಸುತ್ತಲೂ ಬೇರೆ ಬಣ್ಣದ ಪಟ್ಟಿ, ತಲೆಯ ತುದಿಗೊಂದು ಗೊಂಡೆ. ಗದ್ದದ ಕೆಳಗೆ ಕಟ್ಟುವ ಕಸೆಗಳು ಗಿಡ್ಡವಾಗಿರಬೇಕು. ಕೂಸು ಮಲಗಿದಾಗ ಕುಂಚಿಗೆಯನ್ನು ತೆಗೆದಿಡಬೇಕು. ನಿದ್ದೆಯಲ್ಲಿ ಕಸೆ ಕೊರಳಿಗೆ ಬಿಗಿಯಬಾರದು, ಅರಿವೆ ಮೂಗಿನ ಮೇಲೆ ಸರಿಯಬಾರದು. ಕೂಸು ಎಳೆದು ಬಾಯಿಗೆ ಹಾಕಿಕೊಳ್ಳಬಹುದಾದ ಮಣಿಗಳನ್ನು ಹಚ್ಚದಿರುವುದೇ ಲೇಸು.

ಅಂಗಿಗೆ ಗುಂಡಿ ಬೇಡ. ಮುಂದೆ ತೆರೆದು ಪಕ್ಕದಲ್ಲಿ ಕಸೆ ಕಟ್ಟುವಂತಿರಲಿ. ಹೊಲಿಗೆಯ ಒರಟು ಅಂಚು ಮೈಗೆ ತಾಗದಂತೆ ಹೊರಬದಿಗೆ ಮಡಚಿ ಹೊಲಿಯಬೇಕು. ಲಿಂಗಧಾರಣೆಯಾದ ಕೂಸಿನ ಶಿವದಾರ ಸಿಕ್ಕಿಕೊಳ್ಳದಷ್ಟು ಕೊರಳು ಅಗಲವಾಗಿರಲಿ.

ಧಾರವಾಡ ಹುಬ್ಬಳ್ಳಿಯ ಕಡೆ ಕುಂಚಿಗೆಗೆ ಕಸೂತಿ ಹಾಕುವುದುಂಟು. ಕೈ, ಸೂತಿ ಎಂಬೆರಡು ಕೂಡಿ ಕಸೂತಿಯಾಯಿತೆನ್ನುವರು. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುತ್ತಲೇ ಹಾಕುವ ಹೊಲಿಗೆ ಇದು. ಎರಡೂ ಬದಿಗೆ ಒಂದೇ ಬಗೆಯಾಗಿ ಕಾಣುವ ಗವಂತಿ, ಮೆಟ್ಟಿಲಿನಂತೆ ಏರುವ ಮುರ್ಗಿ, ನೇಯ್ದಂತೆ ತೋರುವ ನೇಗಿ, ಮೆಂತೆಕಾಳು ಚೆಲ್ಲಿದಂತಿರುವ ಮೆಂತೆ, ಹೀಗೆ ನಾಲ್ಕು ಬಗೆ. ಗವಂತಿ ಎಂಬ ಹೆಸರು ‘ಗಂಟು’ ಎಂಬುದರಿಂದ ಬಂದಿತೆಂದು ಹೇಳುವರು. ಕಸೂತಿಯಲ್ಲಿಯಾದರೋ ದಾರಕ್ಕೆ ಗಂಟು ಹಾಕುವುದೇ ಇಲ್ಲ! ಗೋಪುರ, ತೇರು, ಆನೆ, ನವಿಲು, ತೊಟ್ಟಿಲು ಇವು ರೂಢಿಯ ಚಿತ್ರಗಳು. ದಿಗ್ಗೇವಾಡಿಯ ಆ ಕುಂಚಿಗೆಯಲ್ಲಿ ಇದಾವುದೂ ಇರಲಿಲ್ಲ. ಖಣದ ನೇಯ್ಗೆಯ ಹೂವೇ ಅದಕ್ಕೆ ಸಾಕಾಗಿದ್ದಿತು.

ಕೈಹೊಲಿಗೆಯ ಮಾತು ತೆಗೆದರೆ ಯಂತ್ರದ ವಿರೋಧಿಗಳೆಂದು ನಮ್ಮನ್ನು ಯಾರೂ ಎಣಿಸಬಾರದು. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹೊಲಿಗೆ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಸೂಜಿಯ ಕಣ್ಣನ್ನು ಹಿಂದಿನಿಂದ ಮೊನೆಯ ಬಳಿಗೆ ತಂದದ್ದೂ, ಎರಡು ದಾರಗಳು ಬಟ್ಟೆಯಲ್ಲಿ ಒಂದನ್ನೊಂದು ಹಿಡಿಯುವಂತೆ ಮಾಡಿದ್ದೂ ಆ ಯಂತ್ರದ ಗುಟ್ಟು. 1851ರಲ್ಲಿ ಐಸಾಕ್ ಸಿಂಗರ್ ಅದನ್ನು ಸುಧಾರಿಸಿ ಮನೆಮನೆಗೆ ಮುಟ್ಟಿಸಿದನು. ಯಂತ್ರಗಳ ಕಡುಟೀಕಾಕಾರರಾದ ಮಹಾತ್ಮಾ ಗಾಂಧೀಜಿಯವರು ಸಹ 1924ರಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಿಂದ ಹೊಲಿಯುವ ಬೇಸರವನ್ನು ಕಂಡು ಮರುಗಿ ಸಿಂಗರ್ ಅದನ್ನು ಮಾಡಿದನೆಂಬುದು ಅವರು ನೀಡಿದ ಕಾರಣ. ಸಿಂಗರನ ಸಂಸಾರದ ಚರಿತ್ರೆ ಅಷ್ಟು ಮಧುರವಾದುದೇನೂ ಅಲ್ಲ. ಆದರೂ ಗಾಂಧೀಜಿಯವರ ಆಶಯ ಸರಿಯಾದುದೇ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದರು. ಮನೆಯಲ್ಲಿ ಯಂತ್ರವಿದ್ದರೆ ಉದ್ದ ಹೊಲಿಗೆಗಳನ್ನು ಅದರಲ್ಲಿ ಹೊಡೆದು, ನಿರಿಗೆ ಕಸೆಗಳನ್ನು ಮಾತ್ರ ಕೈಯಿಂದ ಮಾಡಿದರೆ ಒಂದು ಮಧ್ಯಾಹ್ನದಲ್ಲಿ ಕುಂಚಿಗೆ ಮುಗಿಯುತ್ತದೆ.

ಇನ್ನು, ಸೂಜಿ ಹೆಂಗಸರ ಕೈಗೇ ಏಕೆ ಮೀಸಲು? ದಿಗ್ಗೇವಾಡಿಯ ಸೊಸೆಯ ಪ್ರಶ್ನೆಗೆ ಉತ್ತರ ಹುಡುಕುವವರು ಇದನ್ನೂ ಕೇಳಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಬಟ್ಟೆ ಹೊಲಿಯುವ ಕಾಯಕದಿಂದಲೇ ಅವರಿಗೆ ಆ ಹೆಸರು. ನೂಲುವ ಕದಿರ ರೆಮ್ಮವ್ವೆ, ಒಗೆಯುವ ಮಡಿವಾಳ ಮಾಚಿದೇವ, ಹೊಲಿಯುವ ರಾಮಿತಂದೆ, ಇವರನ್ನು ನೆನೆದರೆ ಅರಿವೆಯ ಕೆಲಸ ಒಂದು ಲಿಂಗಕ್ಕೆ ಒಂದು ಜಾತಿಗೆ ಸೇರಿದ್ದಲ್ಲವೆಂಬುದು ತಾನಾಗಿಯೇ ತಿಳಿಯುತ್ತದೆ. ನಾವು ಮಠದಲ್ಲಿದ್ದು ಓದುವಾಗ ಹರಿದ ಅಂಗಿಗೆ ತೇಪೆ ಹಚ್ಚುವುದು, ಭಿಕ್ಷೆಯ ಜೋಳಿಗೆಯ ಮೂಲೆ ಬಿಚ್ಚಿದರೆ ಹೊಲಿಯುವುದು ಹುಡುಗರದೇ ಕೆಲಸ. ಟಾಕಿ ದೊಡ್ಡದಾದರೆ ಹಿರಿಯ ಸ್ವಾಮಿಗಳು ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು. ಕಾಳು ಸೋರಬಾರದೆಂಬುದು ಅವರ ಲೆಕ್ಕ. ತಂದೆಯಾದವನು ರಾತ್ರಿ ಅರ್ಧ ತಾಸು ಕುಳಿತು ತನ್ನ ಕೂಸಿನ ಅಂಗಿಗೆ ನಾಲ್ಕು ಕಸೆ ಹಚ್ಚಿದರೆ ಅವನ ಗಂಡಸುತನಕ್ಕೆ ಯಾವ ಕುಂದೂ ಇಲ್ಲ.

ಅಗ್ಗದ ಸಿದ್ಧ ಉಡುಪೂ ಯಾರದೋ ಕೈಯಿಂದಲೇ ಬರುತ್ತದೆ. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದ ಢಾಕಾದ ಬಳಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದಾಗ ಸತ್ತವರು 1,100ಕ್ಕೂ ಹೆಚ್ಚು. ಬಹುಪಾಲು ಹೊಲಿಗೆಯ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು, ಅವರಲ್ಲಿ ಅನೇಕರು ಚಿಕ್ಕ ಮಕ್ಕಳ ತಾಯಂದಿರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ಅಂಗಡಿಯಲ್ಲಿ ಬೆಲೆ ಚೌಕಾಸಿ ಮಾಡುವಾಗ ಇದನ್ನು ಯಾರು ನೆನೆಯುತ್ತಾರೆ?

ತೊಟ್ಟಿಲ ಕಾರ್ಯಕ್ಕೆಂದು ನೈಲಾನಿನ ಜಾಲರಿ, ಜರಿ, ರಿಬ್ಬನ್ನುಗಳ ಫ್ರಾಕು ತರುವ ರೂಢಿ ಈಗ ಹಳ್ಳಿಗಳಿಗೂ ಬಂದಿದೆ. ಫೋಟೋಕ್ಕೆ ಅದು ಚೆನ್ನ. ಆದರೆ ನಮ್ಮ ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಕೆಂಡವಿರುತ್ತದೆ, ದೀಪವಿರುತ್ತದೆ, ಎರೆದ ಮೇಲೆ ಕೂಸಿಗೆ ಹೊಗೆ ಹಿಡಿಯುವರು. ನೈಲಾನು, ಪಾಲಿಯೆಸ್ಟರುಗಳು ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ, ಗಾಯ ಆಳವಾಗುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಹಾಗೆ ಕರಗಿ ಅಂಟುವುದಿಲ್ಲ. ಯಾವ ಅರಿವೆಯೇ ಇರಲಿ, ಕೂಸನ್ನು ಕೆಂಡದಿಂದ ದೂರವಿಡುವುದು ಮೊದಲ ಎಚ್ಚರ. ಎಳೆಯ ಶ್ವಾಸಕೋಶಕ್ಕೆ ಹೊಗೆಯೂ ಒಳ್ಳೆಯದಲ್ಲವೆಂದು ವೈದ್ಯರು ಹೇಳುವರು. ಆ ಪದ್ಧತಿಯನ್ನು ಬಿಟ್ಟರೆ ನಷ್ಟವೇನಿಲ್ಲ.

ಮಕ್ಕಳು ಬೆಳೆದ ಮೇಲೂ ಮನೆಯ ಹೊಲಿಗೆಗೆ ಒಂದು ಜಾಣತನವಿದೆ. ಹೆಣ್ಣುಮಗುವಿನ ಪರಕಾರಕ್ಕೆ ಕೆಳಗೆ ಎರಡು ಮೂರು ಮಡಿಕೆ ಹಿಡಿದು ಹೊಲಿಯುವರು. ವರ್ಷಕ್ಕೊಂದು ಬಿಚ್ಚಿದರೆ ಅದೇ ಪರಕಾರ ಮೂರು ದೀಪಾವಳಿಗಳನ್ನು ಕಾಣುತ್ತದೆ. ಬಿಚ್ಚಿದೆಡೆಯಲ್ಲಿ ಬಣ್ಣ ಮಾಸದೆ ಉಳಿದ ಗೆರೆಯನ್ನು ಮುಚ್ಚಲು ಒಂದು ಪಟ್ಟಿ ಹಚ್ಚಿದರೆ ಆಯಿತು. ಪೋಲಕಾದ ಕಂಕುಳಲ್ಲಿಯೂ ಬೆನ್ನಿನಲ್ಲಿಯೂ ಒಂದೊಂದು ಇಂಚು ಒಳಗೆ ಬಿಟ್ಟಿರಬೇಕು. ಅಂಗಡಿಯ ಉಡುಪಿನಲ್ಲಿ ಆ ಇಂಚು ಸಿಗುವುದು ಅಪರೂಪ.

ಮಕ್ಕಳ ಬಟ್ಟೆಯೆಲ್ಲವನ್ನೂ ಮನೆಯಲ್ಲೇ ಹೊಲಿಯಿರೆಂದು ಕಬ್ಬಿನ ಹೊಲದಿಂದ ದಣಿದು ಬಂದ ತಾಯಿಗೆ ಹೇಳುವ ಅಧಿಕಾರ ನಮಗಿಲ್ಲ. ಒಂದು ಕುಂಚಿಗೆ, ಎರಡು ಅಂಗಿ, ಇಷ್ಟೇ ಸಾಕು. ಅದಕ್ಕೆ ಬೇಕಾದ ಹೊತ್ತನ್ನು ಮನೆಯವರು ಹಂಚಿಕೊಳ್ಳಬೇಕು: ಒಬ್ಬರು ಕತ್ತರಿಸಲಿ, ಒಬ್ಬರು ರೊಟ್ಟಿ ಬಡಿಯಲಿ. ನಾವು ಬರೆದುಕೊಂಡ ಅಳತೆಯ ಕಾಗದವನ್ನು ದಿಗ್ಗೇವಾಡಿಯ ಆ ಸೊಸೆಯ ಕೈಗೂ ಒಂದು ಪ್ರತಿ ಕೊಟ್ಟೆವು. ಅವರದನ್ನು ತಮ್ಮ ತಾಯಿಕಾರ್ಡಿನೊಳಗೆ ಮಡಚಿಟ್ಟುಕೊಂಡರು. ಅತ್ತೆಯ ಇನ್ನೊಂದು ಕಣ್ಣಿನ ಶಸ್ತ್ರಕ್ರಿಯೆ ಕಬ್ಬಿನ ಬಿಲ್ಲು ಬಂದ ಮೇಲೆ ಎಂದರು.

ಕಡೆಗೆ, ಹೊಲಿದುದನ್ನು ಕಾಪಾಡುವ ಬಗೆ. ಕೂಸಿಗೆ ಚಿಕ್ಕದಾದ ಕುಂಚಿಗೆಯನ್ನು ಸೀಗೆಯ ಇಲ್ಲವೆ ಅಂಟುವಾಳದ ನೀರಿನಲ್ಲಿ ತಿಕ್ಕದೆ ಅದ್ದಿ ತೆಗೆದು, ನೆರಳಲ್ಲಿ ಒಣಗಿಸಿ, ಹಳೆಯ ಧೋತರದಲ್ಲಿ ಸುತ್ತಿ, ಒಣಗಿದ ಬೇವಿನ ಎಲೆಗಳ ನಡುವೆ ಇಡಬೇಕು. ನುಸಿಗುಳಿಗೆಯನ್ನು ಮಾತ್ರ ಹಾಕಲಾಗದು. ಅದರಲ್ಲಿರುವ ನ್ಯಾಫ್ತಲೀನ್ ಅರಿವೆಯಲ್ಲಿ ಉಳಿದುಕೊಂಡು, ಹುಟ್ಟಿನಿಂದಲೇ ಒಂದು ಬಗೆಯ ರಕ್ತದೋಷವಿರುವ ಕೂಸುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕಾಮಾಲೆ ಏರಿ ಪ್ರಾಣಕ್ಕೆ ಅಪಾಯವಾದುದುಂಟು. ಆ ದೋಷ ಇದೆಯೋ ಇಲ್ಲವೋ ಎಂಬುದು ಕೂಸನ್ನು ನೋಡಿದರೆ ತಿಳಿಯದು. ಟ್ರಂಕಿನಲ್ಲಿ ಈಗಾಗಲೇ ಗುಳಿಗೆ ಹಾಕಿಟ್ಟಿದ್ದರೆ ಆ ಅರಿವೆಗಳನ್ನು ಎರಡು ಮೂರು ಸಲ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಹಲವು ದಿನ ಗಾಳಿ ಬಿಸಿಲಿಗೆ ಹಾಕಬೇಕು. ವಾಸನೆ ಉಳಿದಿದ್ದರೆ ಆ ಕೂಸಿಗೆ ಅದನ್ನು ತೊಡಿಸಲೇಬಾರದು.